ಹೊರದೇಶದ ಇಂಗ್ಲಿಷ್ ಶಾಲೆ: ಹಣ ಕಟ್ಟುವ ಮುನ್ನ ನೋಡತಕ್ಕ ಸಂಗತಿಗಳು



ತೋಟ ಕೊಳ್ಳುವಾಗ ನಾವು ಯಾರೂ ದಲ್ಲಾಳಿಯ ಬಾಯಿಮಾತಿನ ಮೇಲೆ ಹಣ ಎಣಿಸುವುದಿಲ್ಲ. ಪಹಣಿ ನೋಡುತ್ತೇವೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸುತ್ತೇವೆ, ನೀರಿನ ಆಸರೆ ಹೇಗಿದೆಯೆಂದು ಬೇಸಿಗೆಯಲ್ಲೊಮ್ಮೆ ಹೋಗಿ ಬರುತ್ತೇವೆ. ಆದರೆ ಮಗನನ್ನೋ ಮಗಳನ್ನೋ ಓದಿಗಾಗಿ ಹೊರದೇಶಕ್ಕೆ ಕಳುಹಿಸಬೇಕು, ಅದಕ್ಕೆ ಮೊದಲು ಅಲ್ಲಿನ ಇಂಗ್ಲಿಷ್ ಶಾಲೆಗೆ ಸೇರಿಸಬೇಕು ಎಂಬ ಮಾತು ಬಂದಾಗ ಈ ಎಚ್ಚರ ಸಡಿಲವಾಗುವುದುಂಟು. ಬಣ್ಣದ ಪುಸ್ತಿಕೆಯಲ್ಲಿರುವ ಚಿತ್ರವನ್ನೂ ಏಜೆಂಟರ ಭರವಸೆಯನ್ನೂ ನಂಬಿ, ತೋಟದ ಮೇಲೆ ಎತ್ತಿದ ಸಾಲವನ್ನು ಒಂದೇ ಕಂತಿನಲ್ಲಿ ಕಟ್ಟಿಬಿಡುತ್ತೇವೆ.

ತೋಟದ ವ್ಯವಹಾರಕ್ಕೆ ಇರುವಂತೆ ಇದಕ್ಕೂ ದಾಖಲೆಗಳಿವೆ, ಅಳತೆಗಳಿವೆ. ಅವುಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಮಗುವಿಗೆ ಈಗ ಎಷ್ಟು ಇಂಗ್ಲಿಷ್ ಬರುತ್ತದೆ, ಮುಂದಿನ ಓದಿಗೆ ಎಷ್ಟು ಬೇಕು ಎಂಬ ಎರಡನ್ನು ಮೊದಲು ಅಳೆಯಬೇಕು. ಇವೆರಡರ ನಡುವಿನ ಅಂತರವೇ ಶಾಲೆಯನ್ನೂ ವಾರಗಳನ್ನೂ ಹಣವನ್ನೂ ನಿರ್ಧರಿಸಬೇಕು. ಏಜೆಂಟರ ಕೈಯಲ್ಲಿ ಯಾವ ಶಾಲೆ ಇದೆ ಎಂಬುದು ನಿರ್ಧರಿಸಕೂಡದು.

೧. ಶಾಲೆ ಬೇಕೇ, ಬೇಡವೇ?

ಇಂಗ್ಲಿಷ್ ಶಾಲೆ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಸ್ಥೆಗಳು ನಡೆಯುತ್ತವೆ.

ಮೊದಲನೆಯದು ನಮ್ಮ ಪೇಟೆಗಳಲ್ಲಿರುವ ಕೋಚಿಂಗ್ ಕೇಂದ್ರ. ಇದು ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ಮೊದಲಾದ ಪರೀಕ್ಷೆಗಳಿಗೆ ತಯಾರಿ ಮಾಡಿಸುತ್ತದೆ. ಎರಡನೆಯದು ಹೊರದೇಶದ ಖಾಸಗಿ ಭಾಷಾ ಶಾಲೆ. ಅಲ್ಲಿ ಜಗತ್ತಿನ ನಾನಾ ಕಡೆಯವರು ಬಂದು ಕೆಲವು ವಾರ ಅಥವಾ ತಿಂಗಳು ಇಂಗ್ಲಿಷನ್ನಷ್ಟೇ ಕಲಿಯುತ್ತಾರೆ. ಮೂರನೆಯದು ವಿಶ್ವವಿದ್ಯಾನಿಲಯವೇ ನಡೆಸುವ ಭಾಷಾ ಕೇಂದ್ರ. ಪದವಿ ತರಗತಿ ಆರಂಭವಾಗುವ ಮೊದಲು ಅದು ನಡೆಸುವ ಕೋರ್ಸಿಗೆ ಬ್ರಿಟನ್ನಿನಲ್ಲಿ ‘ಪ್ರಿ-ಸೆಷನಲ್’ ಎನ್ನುತ್ತಾರೆ.

ಪಿಯುಸಿ ಮತ್ತು ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಎರಡನೆಯ ಬಗೆಯ ಶಾಲೆ ಬಹಳ ಸಲ ಬೇಕಾಗುವುದೇ ಇಲ್ಲ. ಕೆಲವು ವಿಶ್ವವಿದ್ಯಾನಿಲಯಗಳು ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕಗಳನ್ನೇ ಒಪ್ಪುತ್ತವೆ. ಕೆಲವು ಪರೀಕ್ಷೆಯ ಅಂಕ ಕೇಳುತ್ತವೆ. ಮತ್ತೆ ಕೆಲವು, ಅಂಕ ಸ್ವಲ್ಪ ಕಡಿಮೆ ಬಿದ್ದರೆ ತಮ್ಮದೇ ಪ್ರಿ-ಸೆಷನಲ್ ಕೋರ್ಸಿಗೆ ಸೇರಿಸಿಕೊಂಡು, ಅದರಲ್ಲಿ ತೇರ್ಗಡೆಯಾದವರನ್ನು ಪದವಿಗೆ ತೆಗೆದುಕೊಳ್ಳುತ್ತವೆ. ಆದುದರಿಂದ ಭಾಷಾ ಶಾಲೆಯನ್ನು ವಿಚಾರಿಸುವ ಮೊದಲು, ಮುಂದೆ ಸೇರಬೇಕಾದ ವಿಶ್ವವಿದ್ಯಾನಿಲಯಕ್ಕೆ ನೇರವಾಗಿ ಬರೆದು, ಅವರು ಏನನ್ನು ಒಪ್ಪುತ್ತಾರೆ ಎಂದು ಕೇಳುವುದು ಮೊದಲ ಕೆಲಸ. ಈ ಪತ್ರಕ್ಕೆ ಖರ್ಚಿಲ್ಲ, ಇದರ ಉತ್ತರ ಎಷ್ಟೋ ಲಕ್ಷವನ್ನು ಉಳಿಸಬಹುದು.

೨. ಅಂತರವನ್ನು ಅಳೆಯುವ ಕ್ರಮ

ಭಾಷೆಯ ಮಟ್ಟವನ್ನು ಅಳೆಯಲು ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಒಂದು ಚೌಕಟ್ಟು ಉಂಟು. ಅದರಲ್ಲಿ ಆರು ಮೆಟ್ಟಿಲು: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಎಂದರೆ ಹೆಸರು, ಊರು ಹೇಳಿಕೊಳ್ಳುವಷ್ಟು ಭಾಷೆ. ಬಿ1 ಎಂದರೆ ಪ್ರಯಾಣ, ಅಂಗಡಿ, ನಿತ್ಯದ ವ್ಯವಹಾರವನ್ನು ತಾನೇ ನಿಭಾಯಿಸುವಷ್ಟು. ಬಿ2 ಎಂದರೆ ಉಪನ್ಯಾಸ ಕೇಳಿ ಅರ್ಥ ಮಾಡಿಕೊಂಡು, ಅದರ ಮೇಲೆ ಕ್ರಮವಾಗಿ ಬರೆಯಬಲ್ಲಷ್ಟು. ಬ್ರಿಟನ್ನಿನಲ್ಲಿ ಪದವಿ ಓದಲು ವಿದ್ಯಾರ್ಥಿ ವೀಸಾ ಕೇಳುವವರಿಗೆ ಬೇಕಾದ ಮಟ್ಟ ಬಿ2.

ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 0ಯಿಂದ 9ರವರೆಗೆ ಅರ್ಧರ್ಧ ಅಂಕದ ಬ್ಯಾಂಡ್ ಕೊಡುತ್ತಾರೆ. ಸುಮಾರಾಗಿ 4ರಿಂದ 5ರವರೆಗೆ ಬಿ1, 5.5ರಿಂದ 6.5ರವರೆಗೆ ಬಿ2, 7ರಿಂದ 8ರವರೆಗೆ ಸಿ1 ಎಂದು ಹೊಂದಿಸುತ್ತಾರೆ. ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿವೆ. ಇಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು. ಒಬ್ಬ ಹುಡುಗನಿಗೆ ಕೇಳುವುದರಲ್ಲಿ 7, ಓದುವುದರಲ್ಲಿ 7, ಮಾತಿನಲ್ಲಿ 6.5, ಬರವಣಿಗೆಯಲ್ಲಿ 5.5 ಬಂದರೆ ಸರಾಸರಿ 6.5 ಆಗುತ್ತದೆ. ಆದರೆ ಯಾವ ಭಾಗದಲ್ಲೂ 6ಕ್ಕೆ ಕಡಿಮೆಯಿರಬಾರದು ಎಂಬ ನಿಯಮವಿರುವ ಕಾಲೇಜಿನಲ್ಲಿ ಅವನಿಗೆ ಪ್ರವೇಶ ದೊರೆಯುವುದಿಲ್ಲ. ಅಂಥವನಿಗೆ ಬೇಕಾದುದು ಬರವಣಿಗೆ ತಿದ್ದುವ ಒಬ್ಬ ಒಳ್ಳೆಯ ಅಧ್ಯಾಪಕ. ಇಡೀ ಇಂಗ್ಲಿಷನ್ನು ಮೊದಲಿನಿಂದ ಕಲಿಸುವ ಆರು ತಿಂಗಳ ಕೋರ್ಸಿಗೆ ಅವನನ್ನು ಸೇರಿಸಿದರೆ ಹಣ ಸುಮ್ಮನೆ ಹೋದಂತೆ. ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಆಯುಷ್ಯ ಎಂಬುದೂ ನೆನಪಿನಲ್ಲಿರಲಿ.

ಇನ್ನು ಕಾಲದ ಲೆಕ್ಕ. ಕೇಂಬ್ರಿಜ್‌ನ ಪರೀಕ್ಷಾ ಸಂಸ್ಥೆ ಒಂದು ಅಂದಾಜು ಕೊಡುತ್ತದೆ. ಆರಂಭದಿಂದ ಲೆಕ್ಕ ಹಾಕಿದರೆ ಬಿ1 ಮುಟ್ಟಲು ಅಧ್ಯಾಪಕರ ಮುಂದೆ 350ರಿಂದ 400 ಗಂಟೆ, ಬಿ2 ಮುಟ್ಟಲು 500ರಿಂದ 600 ಗಂಟೆ, ಸಿ1 ಮುಟ್ಟಲು 700ರಿಂದ 800 ಗಂಟೆ ಬೇಕು. ಅಂದರೆ ಒಂದು ಮೆಟ್ಟಿಲಿಗೆ ಸುಮಾರು 200 ಗಂಟೆ. ಮಕ್ಕಳಿಂದ ಮಕ್ಕಳಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ, ಆದರೆ ಲೆಕ್ಕ ಹಾಕಲು ಇದು ಸಾಕು. ವಾರಕ್ಕೆ 20 ಗಂಟೆ ಪಾಠವಿದ್ದರೆ ಒಂದು ಮೆಟ್ಟಿಲಿಗೆ ಹತ್ತು ವಾರ. 15 ಗಂಟೆಯಿದ್ದರೆ ಹದಿಮೂರು ಹದಿನಾಲ್ಕು ವಾರ. ಎ2 ಮಟ್ಟದಲ್ಲಿರುವ ಹುಡುಗಿಯನ್ನು ಎಂಟು ವಾರದಲ್ಲಿ 6.5 ಬ್ಯಾಂಡಿಗೆ ತರುತ್ತೇವೆ ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಊರಿನಲ್ಲೇ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ಕಲಿತರೆ ಇಪ್ಪತ್ತು ವಾರದಲ್ಲಿ 200 ಗಂಟೆ ಆಗುತ್ತದೆ. ಆ ಅವಧಿಯಲ್ಲಿ ಮನೆಯ ಊಟ, ಮನೆಯ ಸೂರು. ಅದೇ 200 ಗಂಟೆಯನ್ನು ಹೊರಗೆ ಕಲಿತರೆ ಫೀಸಿನ ಮೇಲೆ ಬಾಡಿಗೆ, ಊಟ, ಬಸ್ಸು ಎಲ್ಲವೂ ಸೇರುತ್ತದೆ. ಎರಡು ಮೂರು ಮೆಟ್ಟಿಲು ಹತ್ತಬೇಕಾದವರು ಕೆಳಗಿನ ಮೆಟ್ಟಿಲುಗಳನ್ನು ಇಲ್ಲೇ ಹತ್ತಿ, ಅಗತ್ಯವಿದ್ದರೆ ಕೊನೆಯದೊಂದಕ್ಕೆ ಮಾತ್ರ ಹೊರಗೆ ಹೋಗುವುದು ಮೇಲು. ದಿನವಿಡೀ ಇಂಗ್ಲಿಷ್ ಕಿವಿಗೆ ಬೀಳುವ ಪ್ರಯೋಜನವೂ ಆ ಮಟ್ಟ ಮುಟ್ಟಿದವರಿಗೇ ಹೆಚ್ಚು.

೩. ಗಂಟೆ ಮತ್ತು ಪಾಠ

ಪಾರ್ಚ್‌ಮೆಂಟ್ ಮಾರುವಾಗ ನಾವು ಚೀಲದ ತೂಕವೊಂದನ್ನೇ ನೋಡುವುದಿಲ್ಲ, ಔಟ್‌ಟರ್ನ್ ಎಷ್ಟು ಎಂದು ಕೇಳುತ್ತೇವೆ. ಇಂಗ್ಲಿಷ್ ಶಾಲೆಯ ಫೀಸಿಗೂ ಒಂದು ಔಟ್‌ಟರ್ನ್ ಉಂಟು. ಪುಸ್ತಿಕೆಯಲ್ಲಿ ‘ವಾರಕ್ಕೆ 20 ಪಾಠ’ ಎಂದು ಅಚ್ಚಾಗಿರುತ್ತದೆ. ಒಂದು ಪಾಠ 45 ನಿಮಿಷದ್ದಾದರೆ 20 ಪಾಠಕ್ಕೆ 15 ಗಂಟೆಯೇ ಆಯಿತು. ಇನ್ನೊಂದು ಶಾಲೆಯ ಪಾಠ ಪೂರ್ತಿ ಒಂದು ಗಂಟೆಯದಾದರೆ ಅಲ್ಲಿ 20 ಗಂಟೆ. ಆದುದರಿಂದ ಎರಡು ಶಾಲೆಗಳನ್ನು ಹೋಲಿಸುವಾಗ, ಒಟ್ಟು ಫೀಸನ್ನು ಒಟ್ಟು ಗಂಟೆಗಳಿಂದ ಭಾಗಿಸಿ, ಗಂಟೆಗೆ ಎಷ್ಟು ಬಿತ್ತು ಎಂದು ನೋಡತಕ್ಕದ್ದು. ಕಡಿಮೆ ಫೀಸಿನ ಶಾಲೆಯೇ ದುಬಾರಿಯೆಂದು ಕಂಡುಬರುವುದೂ ಉಂಟು.

ಅದೇ ರೀತಿ ಒಂದು ತರಗತಿಯಲ್ಲಿ ಹೆಚ್ಚೆಂದರೆ ಎಷ್ಟು ಮಂದಿ ಎಂದು ಕೇಳಬೇಕು. ಸರಾಸರಿಯನ್ನು ಹೇಳಿದರೆ ಒಪ್ಪಬೇಡಿ, ಗರಿಷ್ಠ ಸಂಖ್ಯೆಯನ್ನು ಕೇಳಿ. ಆಸ್ಟ್ರೇಲಿಯಾದ ನಿಯಮದಲ್ಲಿ ಒಬ್ಬ ಅಧ್ಯಾಪಕರಿಗೆ 18ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು. ಅಧ್ಯಾಪಕರಿಗೆ ಸೆಲ್ಟಾ, ಟ್ರಿನಿಟಿ ಮೊದಲಾದ ಬೋಧನಾ ಪ್ರಮಾಣಪತ್ರ ಇದೆಯೇ ಎಂದೂ ಕೇಳಬೇಕು. ಇಂಗ್ಲಿಷ್ ಮಾತೃಭಾಷೆ ಎಂಬುದು ಕಲಿಸುವ ಅರ್ಹತೆಯಲ್ಲ. ಕನ್ನಡ ಮಾತನಾಡುವವರೆಲ್ಲ ಕನ್ನಡ ಮೇಷ್ಟ್ರಾಗಲಾರರಷ್ಟೆ! ತರಗತಿಯಲ್ಲಿ ಒಂದೇ ದೇಶದವರು ಎಷ್ಟು ಮಂದಿ ಎಂಬುದನ್ನೂ ವಿಚಾರಿಸಿ. ಅರ್ಧ ತರಗತಿ ಒಂದೇ ಭಾಷೆಯವರಾದರೆ ಬಿಡುವಿನಲ್ಲಿ ಯಾರೂ ಇಂಗ್ಲಿಷ್ ಆಡುವುದಿಲ್ಲ.

೪. ಮಾನ್ಯತೆಯನ್ನು ಮೂಲದಲ್ಲೇ ನೋಡುವುದು

ಪುಸ್ತಿಕೆಯ ಮೇಲೆ ಮುದ್ರೆ ಒತ್ತಿರುವುದು ಮಾನ್ಯತೆಗೆ ಸಾಕ್ಷಿಯಲ್ಲ. ಪ್ರತಿ ದೇಶದಲ್ಲೂ ಮಾನ್ಯ ಶಾಲೆಗಳ ಪಟ್ಟಿಯಿದೆ. ಅದನ್ನು ಮೊಬೈಲಿನಲ್ಲೇ ತೆರೆದು, ಶಾಲೆಯ ಹೆಸರು, ವಿಳಾಸ, ಕೋರ್ಸು ಮೂರೂ ತಾಳೆಯಾಗುತ್ತವೆಯೇ ಎಂದು ನೋಡಬಹುದು.

ಬ್ರಿಟನ್: ಬ್ರಿಟಿಷ್ ಕೌನ್ಸಿಲ್ ಮತ್ತು ಇಂಗ್ಲಿಷ್ ಯುಕೆ ಎಂಬ ಸಂಸ್ಥೆ ಕೂಡಿ ‘ಅಕ್ರೆಡಿಟೇಶನ್ ಯುಕೆ’ ಎಂಬ ಯೋಜನೆ ನಡೆಸುತ್ತವೆ. ತಪಾಸಣೆ ಮಾಡಿದ ಶಾಲೆಗಳ ಪಟ್ಟಿಯನ್ನೂ ವರದಿಯನ್ನೂ ಪ್ರಕಟಿಸುತ್ತಾರೆ. ಮಾನ್ಯ ಸಂಸ್ಥೆಯಲ್ಲಿ ಆರು ತಿಂಗಳೊಳಗಿನ ಕೋರ್ಸಿಗೆ ಸಂದರ್ಶಕ ವೀಸಾ ಸಾಕು. ಆರರಿಂದ ಹನ್ನೊಂದು ತಿಂಗಳ ಇಂಗ್ಲಿಷ್ ಕೋರ್ಸಿಗೆ ಅಲ್ಪಾವಧಿ ವ್ಯಾಸಂಗದ ಬೇರೆ ವೀಸಾ ಇದೆ. ಈ ಎರಡರಲ್ಲೂ ಕೆಲಸ ಮಾಡುವಂತಿಲ್ಲ, ಅಲ್ಲಿದ್ದುಕೊಂಡೇ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳುವಂತೆಯೂ ಇಲ್ಲ. ‘ಮೊದಲು ಇಂಗ್ಲಿಷ್ ಕೋರ್ಸಿಗೆ ಹೋಗಲಿ, ಅಲ್ಲಿಂದಲೇ ಕಾಲೇಜಿಗೆ ಸೇರಿಸೋಣ’ ಎಂಬ ಮಾತಿಗೆ ಬ್ರಿಟನ್ನಿನಲ್ಲಿ ಈ ದಾರಿಯಿಲ್ಲ. ಊರಿಗೆ ಬಂದು ಹೊಸ ಅರ್ಜಿ ಹಾಕಬೇಕು.

ಐರ್ಲೆಂಡ್: ಇಲ್ಲಿ 2014 ಮತ್ತು 2015ರಲ್ಲಿ ಹಲವು ಖಾಸಗಿ ಭಾಷಾ ಶಾಲೆಗಳು ಇದ್ದಕ್ಕಿದ್ದಂತೆ ಬಾಗಿಲು ಹಾಕಿದವು. ಮುಂಗಡವಾಗಿ ಫೀಸು ಕಟ್ಟಿದ್ದ ಪರದೇಶದ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಇದರ ಬಳಿಕ ಸರಕಾರ ನಿಯಮ ಬಿಗಿ ಮಾಡಿ, ಅರ್ಹ ಕೋರ್ಸುಗಳ ಪಟ್ಟಿ ಮಾಡಿತು. ಈಗ ‘ಟ್ರಸ್ಟ್‌ಎಡ್ ಐರ್ಲೆಂಡ್’ ಎಂಬ ಮುದ್ರೆಯೂ ಬಂದಿದೆ. 25 ವಾರದ ಕೋರ್ಸಿಗೆ ಎಂಟು ತಿಂಗಳ ವಾಸದ ಅನುಮತಿ ಸಿಗುತ್ತದೆ. ವಾರಕ್ಕೆ ಕನಿಷ್ಠ 15 ಗಂಟೆ ಪಾಠ, 85 ಶೇಕಡಾ ಹಾಜರಿ ಕಡ್ಡಾಯ. ಶಾಲೆ ಮುಚ್ಚಿದರೆ ವಿದ್ಯಾರ್ಥಿಗೆ ರಕ್ಷಣೆ ಏನು ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಆಸ್ಟ್ರೇಲಿಯಾ: ಪರದೇಶದ ವಿದ್ಯಾರ್ಥಿಗಳಿಗೆ ಕಲಿಸುವ ಪ್ರತಿ ಶಾಲೆಯೂ ಪ್ರತಿ ಕೋರ್ಸೂ ‘ಕ್ರೈಕೋಸ್’ ಎಂಬ ಸರಕಾರಿ ದಾಖಲೆಯಲ್ಲಿ ಸಂಖ್ಯೆ ಪಡೆದಿರಬೇಕು. ಇಂಗ್ಲಿಷ್ ಕೋರ್ಸಿನಲ್ಲಿ ವಾರಕ್ಕೆ ಕನಿಷ್ಠ 20 ಗಂಟೆ ಅಧ್ಯಾಪಕರ ಎದುರಿನ ಪಾಠ ಇರಬೇಕು. 25 ವಾರಕ್ಕಿಂತ ಉದ್ದದ ಕೋರ್ಸಾದರೆ, ಆರಂಭಕ್ಕೆ ಮೊದಲು ಅರ್ಧಕ್ಕಿಂತ ಹೆಚ್ಚು ಬೋಧನಾ ಶುಲ್ಕ ಕಟ್ಟಲೇಬೇಕೆಂದು ಶಾಲೆ ಒತ್ತಾಯಿಸುವಂತಿಲ್ಲ. ಶಾಲೆ ಮುಚ್ಚಿದರೆ ಬೇರೆ ಕಡೆ ಸೇರಿಸುವ ಅಥವಾ ಉಳಿದ ಹಣ ಹಿಂದಿರುಗಿಸುವ ಸರಕಾರಿ ವ್ಯವಸ್ಥೆಯೂ ಇದೆ. ಆದರೆ ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವನ್ನು 2025ರ ಜುಲೈ 1ರಂದು 2,000 ಆಸ್ಟ್ರೇಲಿಯಾ ಡಾಲರಿಗೆ ಏರಿಸಲಾಯಿತು. ವೀಸಾ ತಿರಸ್ಕಾರವಾದರೂ ಈ ಹಣ ಹಿಂದೆ ಬರುವುದಿಲ್ಲ.

ಕೆನಡಾ: ಆರು ತಿಂಗಳೊಳಗಿನ ಕೋರ್ಸಿಗೆ ವ್ಯಾಸಂಗ ಪರವಾನಗಿ ಬೇಕಿಲ್ಲ. ಇಂಗ್ಲಿಷನ್ನಷ್ಟೇ ಕಲಿಯಲು ಹೋದವರಿಗೆ ಓದುವಾಗ ಹೊರಗೆ ಕೆಲಸ ಮಾಡುವ ಹಕ್ಕಿಲ್ಲ, ಓದಿದ ಮೇಲೆ ಸಿಗುವ ಕೆಲಸದ ಪರವಾನಗಿಯೂ ಆ ಕೋರ್ಸಿಗೆ ದೊರೆಯುವುದಿಲ್ಲ. ಕೆಲಸ ಮಾಡಿ ಸಾಲ ತೀರಿಸಬಹುದೆಂಬ ಲೆಕ್ಕದಲ್ಲಿ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.

ಅಮೆರಿಕಾ: ವಿದ್ಯಾರ್ಥಿಗೆ ‘ಐ-20’ ಎಂಬ ಪತ್ರ ಕೊಡುವ ಅಧಿಕಾರ ಸರಕಾರದ ಪ್ರಮಾಣಪತ್ರವಿರುವ ಶಾಲೆಗೆ ಮಾತ್ರ ಉಂಟು. 2010ರ ಕಾಯಿದೆಯ ಪ್ರಕಾರ ಇಂಗ್ಲಿಷ್ ಕಲಿಸುವ ಶಾಲೆಗೆ ಬೇರೆಯಾಗಿ ಶೈಕ್ಷಣಿಕ ಮಾನ್ಯತೆಯೂ ಇರಬೇಕು. ಐ-20 ಕೊಟ್ಟ ಮಾತ್ರಕ್ಕೆ ಸಂಸ್ಥೆ ಒಳ್ಳೆಯದೆಂದು ಭಾವಿಸಬಾರದು. ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾನಿಲಯವೂ ಆ ಪತ್ರ ಕೊಡುತ್ತಿತ್ತು. 2011ರ ಜನವರಿಯಲ್ಲಿ ಅದು ವೀಸಾ ವಂಚನೆಯ ಆರೋಪದಲ್ಲಿ ಮುಚ್ಚಿದಾಗ ನೂರಾರು ಭಾರತೀಯ ವಿದ್ಯಾರ್ಥಿಗಳು ಸಂಕಟಕ್ಕೆ ಸಿಕ್ಕಿದರು. ಆದುದರಿಂದ ಪ್ರಮಾಣಪತ್ರ, ಮಾನ್ಯತೆ ಎರಡನ್ನೂ ನೋಡಬೇಕು.

೫. ಏಜೆಂಟರ ವಿಚಾರ

ಏಜೆಂಟರೆಲ್ಲ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಅರ್ಜಿ ತುಂಬಲು, ಕಾಗದ ಜೋಡಿಸಲು ಅವರ ನೆರವು ಹಲವರಿಗೆ ಬೇಕಾಗುತ್ತದೆ. ಆದರೆ ಏಜೆಂಟರಿಗೆ ಸಾಮಾನ್ಯವಾಗಿ ಶಾಲೆಯಿಂದ ಕಮಿಷನ್ ಸಿಗುತ್ತದೆ ಎಂಬುದು ನಮಗೆ ಗೊತ್ತಿರಬೇಕು. ಹೆಚ್ಚು ಕಮಿಷನ್ ಕೊಡುವ ಶಾಲೆ ಅವರಿಗೆ ಒಳ್ಳೆಯದಾಗಿ ಕಾಣುವುದು ಸಹಜ. ‘ಈ ಶಾಲೆಯಿಂದ ನಿಮಗೆ ಕಮಿಷನ್ ಉಂಟೇ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆಸ್ಟ್ರೇಲಿಯಾದ ಶಾಲೆಗಳು ತಮ್ಮ ಏಜೆಂಟರ ಪಟ್ಟಿಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರು ಆ ಶಾಲೆಯ ಹೆಸರಿನಲ್ಲಿ ಬಂದರೆ ಅಲ್ಲಿಗೇ ನಿಲ್ಲಿಸಬಹುದು.

2023ರಲ್ಲಿ ಕೆನಡಾದಲ್ಲಿ ಬೆಳಕಿಗೆ ಬಂದ ಪ್ರಕರಣ ಎಲ್ಲರಿಗೂ ಪಾಠ. ಭಾರತದಿಂದ ಹೋಗಿದ್ದ ಅನೇಕ ವಿದ್ಯಾರ್ಥಿಗಳ ಪ್ರವೇಶ ಪತ್ರಗಳೇ ನಕಲಿಯೆಂದು ತಿಳಿದುಬಂತು. ಪತ್ರ ನಕಲಿಯೆಂಬುದು ತಮಗೆ ತಿಳಿದೇ ಇರಲಿಲ್ಲವೆಂದು ಅವರಲ್ಲಿ ಹಲವರು ಹೇಳಿದರು. ವರ್ಷಗಳ ಬಳಿಕ ಗಡೀಪಾರಿನ ಭಯ ಎದುರಾದದ್ದು ಆ ಮಕ್ಕಳಿಗೆ. ಆ ವರ್ಷದ ಡಿಸೆಂಬರ್ 1ರಿಂದ ಪ್ರತಿಯೊಂದು ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳುವ ಪದ್ಧತಿಯನ್ನು ಅಲ್ಲಿನ ಸರಕಾರ ತಂದಿತು. ನಾವೂ ಅದನ್ನೇ ಮಾಡಬೇಕು. ಪತ್ರ ಕೈಗೆ ಬಂದ ದಿನವೇ, ಅದರಲ್ಲಿರುವ ವಿಳಾಸಕ್ಕಲ್ಲ, ಸರಕಾರಿ ಪಟ್ಟಿಯಲ್ಲಿರುವ ಶಾಲೆಯ ವಿಳಾಸಕ್ಕೆ ಬರೆದು, ಈ ಹೆಸರಿನವರಿಗೆ ನೀವು ಪ್ರವೇಶ ಕೊಟ್ಟಿರುವಿರಾ ಎಂದು ಕೇಳಬೇಕು.

೬. ಹಣ ಮತ್ತು ಕಾಲ

ನಮ್ಮ ಕೈಗೆ ಹಣ ಬರುವುದು ಬೆಳೆಯ ಲೆಕ್ಕದಲ್ಲಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳ ಮುಖ್ಯ ವರ್ಷಾರಂಭ ಸೆಪ್ಟೆಂಬರಿನಲ್ಲಿ, ಅದರ ಪ್ರಿ-ಸೆಷನಲ್ ಕೋರ್ಸು ಅದಕ್ಕೆ ಹಿಂದಿನ ಬೇಸಿಗೆಯಲ್ಲಿ, ಅಂದರೆ ನಮ್ಮ ಮಳೆಗಾಲದಲ್ಲಿ. ಕೊಯ್ಲಿನ ಹೊತ್ತಿಗೇ ಮಗು ಒಮ್ಮೆ ಪರೀಕ್ಷೆಗೆ ಕುಳಿತಿದ್ದರೆ, ಅಂತರ ಎಷ್ಟೆಂದು ತಿಳಿದು, ಕಾಫಿಯ ಹಣ ಬಂದಾಗ ಸಮಾಧಾನದಿಂದ ನಿರ್ಧರಿಸಬಹುದು. ಕೊನೆಯ ಗಳಿಗೆಯ ಅವಸರದಲ್ಲಿಯೇ ತಪ್ಪು ಶಾಲೆ ಗಂಟುಬೀಳುವುದು.

ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಫೀಸು ಮತ್ತು ವಾಸದ ಖರ್ಚಿನ ಹಣ ಖಾತೆಯಲ್ಲಿ ಸತತ 28 ದಿನ ಇದ್ದಿರಬೇಕು. 2025ರ ಜನವರಿಯಲ್ಲಿ ವಾಸದ ಖರ್ಚನ್ನು ತಿಂಗಳಿಗೆ ಲಂಡನ್ನಿನಲ್ಲಿ 1,483 ಪೌಂಡ್, ಹೊರಗೆ 1,136 ಪೌಂಡ್ ಎಂದು ನಿಗದಿ ಮಾಡಿದ್ದರು. ಇದು ಆಗಾಗ ಏರುವುದರಿಂದ ಅರ್ಜಿ ಹಾಕುವ ದಿನದ ಮೊತ್ತವನ್ನೇ ನೋಡಬೇಕು. ಹಿಂದಿನ ದಿನ ಕೈಸಾಲ ತಂದು ತುಂಬಿದರೆ ನಡೆಯುವುದಿಲ್ಲ. ಬೆಳೆ ಮಾರಿದ ಸಂಘದ ಬಿಲ್ಲುಗಳು, ಪಹಣಿ, ಬ್ಯಾಂಕ್ ಪುಸ್ತಕ ಇವನ್ನು ವರ್ಷವಿಡೀ ಜೋಪಾನವಾಗಿ ಇಟ್ಟುಕೊಂಡಿದ್ದರೆ ಹಣ ಎಲ್ಲಿಂದ ಬಂತೆಂದು ತೋರಿಸುವುದು ಸುಲಭ. ಹಣ ಹೊರದೇಶಕ್ಕೆ ಹೋಗುವಾಗ ಬ್ಯಾಂಕಿನವರು ಮೂಲದಲ್ಲಿ ವಸೂಲು ಮಾಡುವ ತೆರಿಗೆಯ ನಿಯಮ, ಶಿಕ್ಷಣ ಸಾಲದ ಹಣಕ್ಕೂ ಸ್ವಂತ ಹಣಕ್ಕೂ ಬೇರೆ ಬೇರೆ. ಮೊದಲೇ ವಿಚಾರಿಸಿಕೊಳ್ಳಿ.

ಫೀಸನ್ನು ಶಾಲೆಯ ಹೆಸರಿನ ಖಾತೆಗೆ ಬ್ಯಾಂಕಿನ ಮೂಲಕವೇ ಕಟ್ಟತಕ್ಕದ್ದು. ಬೇರೆ ಯಾರ ಸ್ವಂತ ಖಾತೆಗೂ, ಯಾರ ಕೈಗೂ ಕೊಡಕೂಡದು.

ವಸತಿಯ ಬಗ್ಗೆ ಒಂದು ಮಾತು. ಹೋಂಸ್ಟೇ ಎಂದರೆ ನಮ್ಮ ಕಡೆ ಎರಡು ದಿನದ ಅತಿಥಿ ಸತ್ಕಾರ. ಅಲ್ಲಿ ಅದು ಒಂದು ಮನೆಯವರ ಜೊತೆ ತಿಂಗಳುಗಟ್ಟಲೆ ಇರುವ ಏರ್ಪಾಡು. ಭಾಷೆ ಕಲಿಯಲು ಒಳ್ಳೆಯದೇ. ಆದರೆ ಎಷ್ಟು ಹೊತ್ತಿನ ಊಟ, ಸಸ್ಯಾಹಾರ ಸಿಗುತ್ತದೆಯೇ, ಶಾಲೆಗೆ ಎಷ್ಟು ದೂರ, ಹೊಂದಿಕೆಯಾಗದಿದ್ದರೆ ಮನೆ ಬದಲಿಸಿಕೊಡುತ್ತಾರೆಯೇ ಎಂದು ಕೇಳಿಕೊಳ್ಳಬೇಕು.

೭. ಶಾಲೆಗೆ ಬರೆದು ಕೇಳತಕ್ಕ ಪ್ರಶ್ನೆಗಳು

ಈ ಕೆಳಗಿನವನ್ನು ಮಗುವಿನ ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆಸಿ, ಶಾಲೆಗೆ ನೇರವಾಗಿ ಕಳುಹಿಸಿ. ಬರೆಯುವುದೇ ಅವರಿಗೆ ಮೊದಲ ಅಭ್ಯಾಸವಾದೀತು.

1. ನಿಮ್ಮ ಮಾನ್ಯತೆ ಯಾರದು, ಅದರ ಸಂಖ್ಯೆ ಏನು, ಯಾವ ದಿನಾಂಕದವರೆಗೆ?
2. ಸೇರುವ ಮೊದಲು ಮಟ್ಟ ಅಳೆಯುವ ಪರೀಕ್ಷೆ ಮಾಡುತ್ತೀರಾ?
3. ಒಂದು ಪಾಠ ಎಷ್ಟು ನಿಮಿಷ, ವಾರಕ್ಕೆ ಒಟ್ಟು ಎಷ್ಟು ಗಂಟೆ?
4. ತರಗತಿಯಲ್ಲಿ ಗರಿಷ್ಠ ಎಷ್ಟು ಮಂದಿ?
5. ಅಧ್ಯಾಪಕರ ಅರ್ಹತೆ ಏನು?
6. ಈ ಕೋರ್ಸು ಮುಗಿಸಿದರೆ ಯಾವ ವಿಶ್ವವಿದ್ಯಾನಿಲಯ ಅದನ್ನು ಒಪ್ಪುತ್ತದೆ?
7. ಕಂತಿನಲ್ಲಿ ಫೀಸು ಕಟ್ಟಬಹುದೇ?
8. ವೀಸಾ ಸಿಗದಿದ್ದರೆ ಎಷ್ಟು ಹಣ, ಎಷ್ಟು ದಿನದಲ್ಲಿ ಹಿಂದೆ ಬರುತ್ತದೆ?
9. ಶಾಲೆ ಮುಚ್ಚಿದರೆ ಕಟ್ಟಿದ ಹಣಕ್ಕೆ ರಕ್ಷಣೆ ಏನು?

ಆರನೆಯ ಪ್ರಶ್ನೆಗೆ ಬಂದ ಉತ್ತರವನ್ನು ಆ ವಿಶ್ವವಿದ್ಯಾನಿಲಯಕ್ಕೇ ಕಳುಹಿಸಿ ತಾಳೆ ನೋಡಬೇಕು. ಎಂಟು, ಒಂಬತ್ತನೆಯ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು, ಕಾಗದದಲ್ಲಿ ಬೇಕು. ಒಳ್ಳೆಯ ಶಾಲೆ ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ‘ಇಂದೇ ಹಣ ಕಟ್ಟಿದರೆ ಮಾತ್ರ ಸೀಟು’ ಎಂದು ಅವಸರ ಮಾಡುವ ಕಡೆ ನಾವೇ ನಿಧಾನ ಮಾಡುವುದು ಲೇಸು.

ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷ ಬೇಕೆಂದು ನಾವು ಮೊದಲು ತಾಯಿಮರವನ್ನು ನೋಡಿ ಬೀಜ ಆರಿಸುತ್ತೇವೆ. ಮಕ್ಕಳ ಓದಿಗೂ ಅಷ್ಟೇ ವರ್ಷ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚು ಹಣವೂ ಹಿಡಿಯುತ್ತದೆ. ಈ ಕೊಯ್ಲಿನ ಹಣ ಕೈಗೆ ಬರುವ ಮುನ್ನವೇ ಮನೆಯಲ್ಲಿ ಎಲ್ಲರೂ ಕುಳಿತು, ಮಗು ಯಾವ ಮೆಟ್ಟಿಲಲ್ಲಿದೆ, ಯಾವ ಮೆಟ್ಟಿಲಿಗೆ ಹೋಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ.